ರಜಾ ಅರ್ಜಿಯಲ್ಲಿಲ್ಲದ ಇಂಗ್ಲಿಷ್
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ಬರವಣಿಗೆಯ ಬಗ್ಗೆ ಮಾತನಾಡಿ ಎಂದಿದ್ದಾರೆ. ಬೇರೆ ಬೇರೆ ಸರ್ಕಾರಿ ಶಾಲೆಗಳಲ್ಲಿ ಇದನ್ನೇ ಕಲಿಸಿ ನಿವೃತ್ತಳಾದವಳು ನಾನು. ಹತ್ತು ನಿಮಿಷ ಕೊಟ್ಟಿದ್ದಾರೆ; ನಮ್ಮಂಥವರಿಗೆ ಅದು ಹಾಜರಿ ಕೂಗುವುದಕ್ಕೇ ಸಾಲದು.

ನಮ್ಮ ಕಾಫಿ ಸೀಮೆಯಲ್ಲಿ 'ರೈಟರ್' ಎಂದರೆ ಕಥೆ ಬರೆಯುವವರಲ್ಲ, ತೋಟದಲ್ಲಿ ಆಳುಗಳ ಲೆಕ್ಕ ಬರೆಯುವವರು. ಎಸ್ಟೇಟು, ಪಲ್ಪರ್, ಚೆರಿ, ಪಾರ್ಚ್‌ಮೆಂಟು, ಬೋರರ್, ಈ ಮಾತುಗಳನ್ನು ಶಾಲೆಯ ಮುಖ ನೋಡದ ಅಜ್ಜಿಯೂ ಆಡುತ್ತಾಳೆ. ಇಷ್ಟು ಇಂಗ್ಲಿಷ್ ಬಾಯಲ್ಲಿರುವ ಊರಿನ ಮಕ್ಕಳು ಇಂಗ್ಲಿಷ್ ಪಿರಿಯಡ್ ಬಂದರೆ ತಲೆ ತಗ್ಗಿಸಿ ಕೂರುತ್ತಾರೆ. ಅಲ್ಲಿ ಬರೆಯುವುದು ಯಾವುದೂ ಅವರದ್ದಲ್ಲ ಎಂಬುದೇ ಕಾರಣವೆಂದು ನನಗೆ ಅನ್ನಿಸುತ್ತದೆ. ಗೈಡಿನ 'ಮೈ ವಿಲೇಜ್' ಪ್ರಬಂಧದಲ್ಲಿ ಹೊಳೆ, ಗದ್ದೆ, ಎತ್ತಿನ ಗಾಡಿ ಇರುತ್ತವೆ. ಕಾಫಿ ಗಿಡ ಒಂದೂ ಇರುವುದಿಲ್ಲ. ರಜಾ ಅರ್ಜಿಯಲ್ಲಂತೂ ಎಲ್ಲರಿಗೂ ಯಾವಾಗಲೂ ಜ್ವರ. ಹಣ್ಣು ಕೊಯ್ಯುವ ಕಾಲದಲ್ಲಿ ಅಮ್ಮ ತೋಟಕ್ಕೆ ಹೋದಾಗ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿಯೂ 'ಸಫರಿಂಗ್ ಫ್ರಂ ಫೀವರ್' ಎಂದೇ ಬರೆದು ತರುತ್ತಾಳೆ. ಏಕೆಂದರೆ ಬಾಯಿಪಾಠ ಮಾಡಿಸಿದ ಅರ್ಜಿಯಲ್ಲಿ ತಮ್ಮನಿಗೆ ಜಾಗವಿಲ್ಲ.

ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿದ್ದಾಗ ಒಂಬತ್ತನೇ ತರಗತಿಯವರಿಗೆ ಗೈಡು ಮುಚ್ಚಿಸಿ, ನಿಮ್ಮ ಅಮ್ಮ ದಿನಾ ಏನು ಮಾಡುತ್ತಾರೆ, ಮೂರು ವಾಕ್ಯ ಬರೆಯಿರಿ ಎಂದೆ. ಲೈನ್ ಮನೆಯ ಹುಡುಗಿಯೊಬ್ಬಳು ಬರೆದಳು: 'ಮೈ ಮದರ್ ಪಿಕ್ ಕಾಫಿ. ರೆಡ್ ಆಂಟ್ ಬೈಟ್. ಶಿ ನಾಟ್ ಸ್ಟಾಪ್.' ಮೂರರಲ್ಲೂ ವ್ಯಾಕರಣ ತಪ್ಪು. ಆದರೆ ಅಷ್ಟು ನಿಜವಾದ ಮೂರು ವಾಕ್ಯ ಆ ವರ್ಷ ಬೇರೆ ಯಾವ ಪುಸ್ತಕದಲ್ಲೂ ನಾನು ನೋಡಲಿಲ್ಲ. ಬೋರ್ಡಿನ ಮೇಲೆ ಬರೆದು ಎಲ್ಲರೂ ಸೇರಿ ತಿದ್ದಿದೆವು. 'ಪಿಕ್'ಗೆ 'ಎಸ್' ಏಕೆ ಬೇಕು, 'ಡಸ್' ಬಂದ ಕೂಡಲೇ 'ಸ್ಟಾಪ್'ಗೆ ಅದು ಏಕೆ ಬೇಡ ಎಂದು ಹೇಳಿಕೊಟ್ಟೆ. ಯಾರೂ ಆಕಳಿಸಲಿಲ್ಲ. ಮಾರನೇ ವರ್ಷ ಆ ಕುಟುಂಬ ಬೇರೆ ತೋಟಕ್ಕೆ ಕೆಲಸ ಹುಡುಕಿಕೊಂಡು ಹೋಯಿತು. ಅವಳ ಆ ಹಾಳೆ ನನ್ನ ಹತ್ತಿರ ಇದೆ.

ಸಾಹಿತ್ಯದ ಪಾಠವೂ ಹೀಗೆಯೇ. ಎಸ್‌ಎಸ್‌ಎಲ್‌ಸಿ ಪಠ್ಯದಲ್ಲಿ ಆರ್.ಕೆ. ನಾರಾಯಣರ 'ಎ ಹೀರೋ' ಬಂದಿತು. ಹಳ್ಳಿಯ ಹುಡುಗನೊಬ್ಬ ಹುಲಿಯನ್ನು ಎದುರಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿ ಅಪ್ಪ ಧೈರ್ಯದ ಉಪದೇಶ ಮಾಡುತ್ತಾನೆ. ಮಗ ಸ್ವಾಮಿ ಅದನ್ನು ನಂಬುವುದಿಲ್ಲ. ಕೊನೆಗೆ ಒಬ್ಬನೇ ಮಲಗಬೇಕಾಗುತ್ತದೆ. ಪ್ರಶ್ನೋತ್ತರ ಬರೆಸಿದರೆ ಎರಡು ಪಿರಿಯಡ್‌ನಲ್ಲಿ ಮುಗಿಯುವ ಪಾಠ. ಆದರೆ ನಿಮ್ಮಲ್ಲಿ ಯಾರು ಹೆದರಿದ್ದೀರಿ ಎಂದು ಕೇಳಿ ನೋಡಿ! ಆನೆ ಓಡಾಡುವ ಸೀಮೆಯ ಮಕ್ಕಳು. ಎಲ್ಲರ ಕೈಯೂ ಮೇಲೆ. ಮೊದಲು ಕನ್ನಡದಲ್ಲೋ ತುಳುವಿನಲ್ಲೋ ತಮಿಳಿನಲ್ಲೋ ಹೇಳಲಿ, ಆಮೇಲೆ ನಾಲ್ಕು ಸಾಲು ಇಂಗ್ಲಿಷಿಗೆ ಬರಲಿ. ಇಂಗ್ಲಿಷ್ ತರಗತಿಯಲ್ಲಿ ಬೇರೆ ಭಾಷೆ ಬರಲೇಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ಪುಸ್ತಕ 1922ರ 'ಬಿಗಿನರ್ಸ್ ಮ್ಯೂಸ್', ಇಂಗ್ಲಿಷ್ ಕವಿತೆಗಳದ್ದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರೆಂಬುದು ನಮಗೆಲ್ಲ ಗೊತ್ತು. ಇದನ್ನು ಇಂಗ್ಲಿಷ್ ಬಿಟ್ಟ ಕಥೆಯಾಗಿ ಹೇಳುತ್ತೇವೆ. ಅವರು ಬರೆಯುವುದನ್ನು ಬದಲಿಸಿದರೇ ಹೊರತು ಇಂಗ್ಲಿಷ್ ಓದುವುದನ್ನು ಬಿಡಲಿಲ್ಲ, ಅದನ್ನೂ ಮಕ್ಕಳಿಗೆ ಹೇಳಬೇಕು.

ಇನ್ನು ಪೋಷಕರ ಮಾತು. ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಬಂದು ನಿಮ್ಮ ಮಕ್ಕಳನ್ನು ಕರೆದೊಯ್ಯುತ್ತದೆ. ನಿಮ್ಮನ್ನು ದೂರುವುದಿಲ್ಲ. ನಾವು ಓದುವಾಗ ಐದನೇ ತರಗತಿಯಲ್ಲಿ ಎಬಿಸಿಡಿ ಶುರು. 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಹಾಗಿದ್ದೂ ಎಂಟನೇ ತರಗತಿಗೆ ಬಂದ ಎಷ್ಟೋ ಮಕ್ಕಳಿಗೆ ತನ್ನದೇ ಒಂದು ವಾಕ್ಯ ಬರೆಯಲು ಬಾರದು. ಯಾವ ಮೀಡಿಯಂನಲ್ಲೂ ಬಾಯಿಪಾಠ ಬಾಯಿಪಾಠವೇ. ಅಂಕ ಬೇಡ ಎನ್ನುತ್ತಿಲ್ಲ. ಎರಡನೇ ಭಾಷೆಯ ಆ 100 ಅಂಕದಲ್ಲಿ ಪಾಸಾಗದಿದ್ದರೆ ಲೈನ್ ಮನೆಯ ಹುಡುಗಿಗೆ ಕಾಲೇಜು ದೂರವಾಗುತ್ತದೆಂದು ನನಗೂ ಗೊತ್ತು.

ಸುವರ್ಣ ಮಹೋತ್ಸವಕ್ಕೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸೋಣ. ಜೊತೆಗೆ ಎಂಟು, ಒಂಬತ್ತನೇ ತರಗತಿಯ ಪ್ರತಿ ಮಗುವಿಗೂ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಡಿಸೋಣ. ವಾರಕ್ಕೊಂದು ಪುಟ, ತನ್ನ ಮನೆಯದ್ದೋ ತೋಟದ್ದೋ ಸಂತೆಯದ್ದೋ. ಅಂಕವಿಲ್ಲ, ಕೆಂಪು ಶಾಯಿ ಇಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದರೆ ಬರುವ ಜೂನ್‌ನಿಂದ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಾನು ಬಂದು ಓದುತ್ತೇನೆ. ಮಳೆಗಾಲದಲ್ಲಿ ಬಸ್ಸು ತಡವಾದರೆ ಮಕ್ಕಳನ್ನು ಸ್ವಲ್ಪ ಕಾಯಿಸಿ.