ಬರಲಿರುವ ಆಟಕ್ಕೆ ಕಾಯುವುದು



'ಬಿಡುಗಡೆ' ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಒಂದು ವಿಶೇಷಾರ್ಥವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರೈತನ ಮುಂದೆ ಆ ಮಾತನ್ನಾಡಿದರೆ ಆತ ಕೇಳುವ ಪ್ರಶ್ನೆ ಒಂದೇ: "ಯಾವ ಕಾಲುವೆಗೆ?" 2025ರ ದೀಪಾವಳಿಗೆ ಮನೆಗೆ ಬಂದಿದ್ದ ನನ್ನ ಮೊಮ್ಮಗ, "ಅಜ್ಜಾ, ಬರುವ ಮೇ 26ಕ್ಕೆ ಬಿಡುಗಡೆ" ಎಂದಾಗ ನಾನೂ ನೀರಿನ ಮಾತೆಂದೇ ತಿಳಿದು, "ಬೇಸಗೆಯಲ್ಲಿ ಯಾರು ಬಿಡುತ್ತಾರಪ್ಪ?" ಎಂದೆ. ಆತ ನಕ್ಕ. ಆತ ಹೇಳಿದ್ದು ನೀರಿನ ವಿಷಯವಲ್ಲ, ಒಂದು ವಿಡಿಯೋ ಆಟದ ವಿಷಯ.

ಆ ಆಟದ ಹೆಸರು 'ಗ್ರ್ಯಾಂಡ್ ಥೆಫ್ಟ್ ಆಟೊ'. ಬರಬೇಕಾದದ್ದು ಅದರ ಆರನೆಯ ಕಂತು. ಐದನೆಯದು 2013ರಲ್ಲಿ ಬಂದಿತ್ತು. ವಯಸ್ಕರಿಗಾಗಿ ಮಾಡಿದ ಆಟವಾದುದರಿಂದ ನಾನು ಮೊದಲು ಹುಬ್ಬು ಗಂಟಿಕ್ಕಿದ್ದು ನಿಜ. ಆದರೆ ಮೊಮ್ಮಗ ಪದವಿ ತರಗತಿಯಲ್ಲಿ ಓದುವವನು, ಮೀಸೆ ಬಂದವನು. ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೊಂದು ಸಂಗತಿ. ಮುಂಗಡ ಮಾರಾಟ ತೆರೆದ ಕ್ಷಣವೇ ಕೊಟ್ಟುಬಿಡಬೇಕೆಂದು ಆತ ವಸತಿಗೃಹದ ಊಟ ತಿಂಡಿಗಳಲ್ಲಿ ಉಳಿಸಿ ಹಣ ಕೂಡಿಟ್ಟಿದ್ದ. ಇಂಥ ದೊಡ್ಡ ಆಟವೊಂದಕ್ಕೆ ನಮ್ಮ ದೇಶದಲ್ಲಿ ಐದು ಸಾವಿರ ರೂಪಾಯಿಯ ಆಸುಪಾಸು ಬೆಲೆಯಿರುವುದುಂಟು. ಇನ್ನೂ ಕಣ್ಣಿಗೆ ಬೀಳದ ವಸ್ತುವಿಗೆ ಹಣ ತೆರುವುದೆ? ನಾನು ಕೇಳಿದೆ. "ನಂಬಿಕೆ ಬೇಡವೆ ಅಜ್ಜಾ?" ಎಂದು ಆತ ಮರುಪ್ರಶ್ನೆ ಹಾಕಿದ. ಇಂದಿನ ನನ್ನ ಮಾತು ಆ ಮರುಪ್ರಶ್ನೆಗೆ ಉತ್ತರ.

ಕಾಯುವ ವಿದ್ಯೆ ನಮಗೆ ಹೊಸದಲ್ಲ. ಅಂದಿನ ಬಸವನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟುವ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರ ಮೇ ತಿಂಗಳಿನಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದ್ದು 2006ರ ಆಗಸ್ಟಿನಲ್ಲಿ. ಅಡಿಗಲ್ಲಿಟ್ಟ ದಿನ ಹುಟ್ಟಿದ ಕೂಸು ಸಮರ್ಪಣೆಯ ದಿನಕ್ಕೆ ನಲವತ್ತೆರಡು ವರುಷದ ಗೃಹಸ್ಥ. ಘೋಷಣೆ ಬೇರೆ, ಆಗಮನ ಬೇರೆ ಎಂಬ ಪಾಠವನ್ನು ಈ ನೆಲದವರಿಗೆ ಪ್ರತ್ಯೇಕವಾಗಿ ಕಲಿಸಬೇಕಿಲ್ಲ.

ಆಟಗಳ ಲೋಕದಲ್ಲಿಯೂ ಇದೇ ಕಥೆ. ಪೋಲೆಂಡಿನ ಸಂಸ್ಥೆಯೊಂದು 'ಸೈಬರ್‌ಪಂಕ್ 2077' ಎಂಬ ಆಟವನ್ನು 2012ರಲ್ಲಿ ಸಾರಿತು. 2020ರ ಒಂದೇ ವರುಷದಲ್ಲಿ ದಿನಾಂಕ ಮೂರು ಬಾರಿ ಮುಂದೆ ಹೋಯಿತು. ಎಂಬತ್ತು ಲಕ್ಷ ಪ್ರತಿಗಳಿಗೆ ಮುಂಗಡ ಬಂದಿತ್ತು. ಡಿಸೆಂಬರ್ 10ರಂದು ಆಟ ಹೊರಬಂದಾಗ ಹಳೆಯ ಯಂತ್ರಗಳಲ್ಲಿ ಅದು ತೊಡರಿತು, ನಿಂತಿತು. ವಾರ ಕಳೆಯುವಷ್ಟರಲ್ಲಿ ಸೋನಿ ಸಂಸ್ಥೆ ಅದನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ಮರಳಿಸತೊಡಗಿತು.

ನಮ್ಮ ರಾಜ್ಯದ ಉದಾಹರಣೆಯೂ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ 'ಪಬ್ಜಿ' ಆಟವನ್ನು ನಿಷೇಧಿಸಿತು. ಎರಡೇ ದಿನಗಳಲ್ಲಿ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ 'ಫೌಜಿ' ಆಟದ ಪ್ರಕಟಣೆ ಹೊರಟಿತು. ಲಕ್ಷಾಂತರ ತರುಣರು ಮುಂಚಿತವಾಗಿ ಹೆಸರು ನೋಂದಾಯಿಸಿದರು. 2021ರ ಗಣರಾಜ್ಯ ದಿನದಂದು ಆಟ ಕೈಗೆ ಬಂತು. ಅವರ ಮನಸ್ಸಿನಲ್ಲಿದ್ದದ್ದು ಬಂದೂಕಿನ ಬಯಲು ಕಾಳಗ. ಮೊದಲು ದೊರೆತದ್ದು ಗಲ್ವಾನ್ ಕಣಿವೆಯ ಕೈಕೈ ಕಾದಾಟ. ಅನೇಕರು ನಿರಾಶರಾದರು. ಪಬ್ಜಿಯ ಜಾಗವನ್ನೇ ತುಂಬುವ ಆಟ ಇದೆಂದು ತಾವೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದುದೂ ಆ ನಿರಾಶೆಗೆ ಒಂದು ಕಾರಣ.

ಹೀಗೇಕೆ ಆಗುತ್ತದೆ? ಮುನ್ನೋಟದ ಚಿತ್ರವೆಂಬುದು ಬೀಜದ ವ್ಯಾಪಾರಿ ಅಂಗೈಯಲ್ಲಿ ತೋರಿಸುವ ಮಾದರಿ; ಕೇರಿ ಆರಿಸಿದ ಕಾಳು. ಚೀಲದೊಳಗಿನದು ಬಿತ್ತಿದ ಮೇಲೆ ತಿಳಿಯಬೇಕು. ಚಲನಚಿತ್ರವನ್ನು ಮಾಡಿದವರು ಅದರ ಪ್ರತಿ ಚೌಕಟ್ಟನ್ನೂ ತಾವೇ ನೋಡಿ ಮುಗಿಸಬಲ್ಲರು. ಆಟ ಹಾಗಲ್ಲ, ಆಡುವವನು ಎತ್ತ ತಿರುಗುವನೋ, ಯಾವ ಬಾಗಿಲು ತಟ್ಟುವನೋ, ಯಾವ ಯಂತ್ರದಲ್ಲಿ ಆಡುವನೋ ಮೊದಲೇ ಗೊತ್ತಿಲ್ಲ. ಅಷ್ಟನ್ನೂ ಪರೀಕ್ಷಿಸಬೇಕು. ಆದುದರಿಂದ ವಿಳಂಬವೆಲ್ಲ ವಂಚನೆಯಲ್ಲ. ಅವಸರದ ಆಗಮನಕ್ಕಿಂತ ತಡವಾದ ಆಗಮನ ಎಷ್ಟೋ ವೇಳೆ ಲೇಸು.

ಸಂಶಯಕ್ಕೆ ಇಷ್ಟು ಸಾಕ್ಷಿ ಕೊಟ್ಟ ಮೇಲೆ ಭರವಸೆಗೂ ಸಾಕ್ಷಿ ಕೊಡಬೇಕಾದದ್ದು ನ್ಯಾಯ. ಆಸ್ಟ್ರೇಲಿಯಾದ ಕೆಲವೇ ಜನರ ಒಂದು ತಂಡ 'ಸಿಲ್ಕ್‌ಸಾಂಗ್' ಎಂಬ ಆಟವನ್ನು 2019ರ ಫೆಬ್ರುವರಿಯಲ್ಲಿ ಸಾರಿತು. ಜನ ಕಾದು ಕಾದು ಅದನ್ನು ನಗೆಮಾತಾಗಿಸಿಕೊಂಡಿದ್ದರು. 2025ರ ಸೆಪ್ಟೆಂಬರ್ 4ರಂದು ಅದು ಬಂದೇ ಬಂತು, ಮೆಚ್ಚುಗೆಯನ್ನೂ ಪಡೆಯಿತು. ಪುಣೆಯ ಕಿರಿಯ ತಂಡವೊಂದು 'ರಾಜಿ' ಎಂಬ ಆಟಕ್ಕಾಗಿ 2017ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟಲಿಲ್ಲ. ಆದರೂ ಬಿಡದೆ 2020ರಲ್ಲಿ ಅದನ್ನು ಹೊರತಂದಿತು. ನಮ್ಮ ಪುರಾಣಲೋಕದ ಹಿನ್ನೆಲೆಯಲ್ಲಿ ಒಬ್ಬ ಹುಡುಗಿ ತನ್ನ ತಮ್ಮನನ್ನು ಹುಡುಕುತ್ತ ಹೋಗುವ ಕಥೆ ಅದು. ಸೈಬರ್‌ಪಂಕ್ ಕೂಡ ವರುಷಗಳ ದುರಸ್ತಿಯ ಬಳಿಕ ಮರಳಿ ಗೌರವ ಗಳಿಸಿತು. ಅದರ ಭಾಷೆಗಳ ಪಟ್ಟಿಯಲ್ಲಿ ಪೋಲಿಷ್, ಜಪಾನಿ, ಕೊರಿಯನ್ ಇವೆ, ಕನ್ನಡವಿಲ್ಲ. ಮುದ್ದೇಬಿಹಾಳದ ಹುಡುಗನೊಬ್ಬ ಅಂಥದೊಂದು ಆಟವನ್ನು ತನ್ನ ಮನೆಮಾತಿನಲ್ಲಿ ಆಡುವ ದಿನಕ್ಕೆ ನಾನೂ ಕಾಯುತ್ತಿದ್ದೇನೆ ಎಂದರೆ ಮೊಮ್ಮಗನಿಗೆ ಆಶ್ಚರ್ಯ!

ಇನ್ನು ಆತನ ಪ್ರಶ್ನೆಗೆ ಬರೋಣ. ಸಿಂದಗಿ ತಾಲೂಕಿನ ಎರೆಹೊಲದಲ್ಲಿ ನಮ್ಮ ತಂದೆ ಬಿಳಿಜೋಳ ಬಿತ್ತುತ್ತಿದ್ದರು. ಹಿಂಗಾರಿಯ ಜೋಳ ಬೆಳೆಯುವುದು ಬಹುಮಟ್ಟಿಗೆ ನೆಲ ಹಿಡಿದಿಟ್ಟ ಹಸಿಯ ಮೇಲೆ. ಮೋಡ ಕವಿದೊಡನೆ ಅವರು ಕೂರಿಗೆ ಸಜ್ಜುಗೊಳಿಸುತ್ತಿದ್ದರು, ಎತ್ತುಗಳ ಮೈ ತಿಕ್ಕುತ್ತಿದ್ದರು. ಅವರ ಮುಖದ ಮೇಲೆ ಹಬ್ಬದ ಕಳೆಯಿರುತ್ತಿತ್ತು. ಆದರೆ ಬೀಜವನ್ನು ಮಾತ್ರ ನೆಲಕ್ಕೆ ಬಿಡುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ಹೊಲಕ್ಕೆ ಹೋಗಿ, ಮಣ್ಣಿನೊಳಗೆ ಕೈಯಿಟ್ಟು, ಹಸಿ ಎಷ್ಟು ಆಳಕ್ಕಿಳಿದಿದೆಯೆಂದು ನೋಡಿ, ಆಮೇಲೆ ಬಿತ್ತಿಗೆ. ಅವರಿಗೆ ಮಳೆಯ ಮೇಲೆ ನಂಬಿಕೆಯಿರಲಿಲ್ಲವೆಂದು ಯಾರು ಹೇಳಬಲ್ಲರು? ನಂಬಿಕೆಯಿಲ್ಲದವನು ಕೂರಿಗೆ ಕಟ್ಟುವುದಿಲ್ಲ. ಸಂಶಯವಿಲ್ಲದವನು ಬೀಜ ಕಳೆದುಕೊಳ್ಳುತ್ತಾನೆ. ಇವೆರಡೂ ಒಂದೇ ನೊಗದ ಜೋಡೆತ್ತುಗಳು.

ನಾನು ಇದನ್ನು ಹೇಳಿದಾಗ ಮೊಮ್ಮಗ ಮಾತಾಡದೆ ಕುಳಿತ. ಹಿರಿಯರಲ್ಲಿಯೂ ನನ್ನದೊಂದು ಬಿನ್ನಹವಿದೆ. ಮಕ್ಕಳ ಈ ಕಾತರವನ್ನು ಹಳಿಯಬೇಡಿ. ಜಾತ್ರೆಯ ಡೇರೆಗೆ ಬರಲಿದ್ದ ಸಿನಿಮಾದ ಭಿತ್ತಿಪತ್ರದೆದುರು ನಾವೂ ಬಾಯಿ ತೆರೆದು ನಿಂತವರೇ. ಕಾಯುವವನ ಮನಸ್ಸು ಕಟ್ಟಿಕೊಳ್ಳುವ ಆಟ ಮಾರುವವನು ಕೊಡುವ ಆಟಕ್ಕಿಂತ ಎಷ್ಟೋ ಸಲ ದೊಡ್ಡದು. ಆ ಸುಖಕ್ಕೆ ದುಡ್ಡು ಬೇಕಿಲ್ಲ.

ದೀಪಾವಳಿ ಕಳೆದು ಎರಡು ವಾರ ಸಂದಿತ್ತು. ನವೆಂಬರಿನ ಮೊದಲ ವಾರ ಮೊಮ್ಮಗ ದೂರವಾಣಿಯಲ್ಲಿ ಕರೆದ. ಬಿಡುಗಡೆಯನ್ನು 2026ರ ನವೆಂಬರ್ 19ಕ್ಕೆ ಮುಂದೂಡಿದ್ದಾರಂತೆ. ದನಿಯಲ್ಲಿ ಬೇಸರವಿತ್ತು. "ಹಣ?" ಎಂದು ಕೇಳಿದೆ. "ಕೈಯಲ್ಲೇ ಇದೆ ಅಜ್ಜಾ. ಹಸಿ ನೋಡಿಯೇ ಬಿತ್ತುತ್ತೇನೆ" ಎಂದ.