ಈಜುಕೊಳದ ಪಕ್ಕದ ಸ್ಪೀಕರ್‌ಗೆ ಯಾವ ಆಂಪ್ಲಿಫೈಯರ್? ವಾಟ್ ಕೇಳೋ ಮೊದಲು ಅರ್ತಿಂಗ್ ನೋಡಿ

ನಾನು ವಿಜಯನಗರದಲ್ಲಿ ಆಂಪ್ಲಿಫೈಯರ್, ಮೈಕ್ ಸೆಟ್, ಹೋಂ ಥಿಯೇಟರ್ ರಿಪೇರಿ ಮಾಡೋನು. 22 ವರ್ಷದಿಂದ ಇದೇ ಕೆಲಸ. ಹುಟ್ಟಿ ಬೆಳೆದಿದ್ದು ರಾಜಾಜಿನಗರ, ಈಗ ಇರೋದು ಕೆಂಗೇರಿ ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ. ಅಂಗಡಿಗೆ ಬರೋರು ಈಗೀಗ ಒಂದು ಹೊಸ ಪ್ರಶ್ನೆ ತರ್ತಾರೆ. "ಸ್ವಿಮ್ಮಿಂಗ್ ಪೂಲ್ ಪಕ್ಕ ಸ್ಪೀಕರ್ ಹಾಕ್ಬೇಕು, ಎಷ್ಟು ವಾಟ್ ಆಂಪ್ಲಿಫೈಯರ್ ತಗೊಳ್ಳೋಣ?" ಅಂತ. ಹತ್ತು ವರ್ಷದ ಹಿಂದೆ ಈ ಪ್ರಶ್ನೆ ನಮ್ಮ ಕಡೆ ಯಾರೂ ಕೇಳ್ತಿರಲಿಲ್ಲ. ಈಗ ಮೈಸೂರು ರಸ್ತೆ ಉದ್ದಕ್ಕೂ ಅಪಾರ್ಟ್‌ಮೆಂಟ್ ಎದ್ದಿವೆ, ಪ್ರತಿ ಕ್ಲಬ್‌ಹೌಸ್‌ಗೂ ಒಂದು ಈಜುಕೊಳ ಇದೆ.

ಈ ಪ್ರಶ್ನೆಗೆ ಉತ್ತರ ಹೇಳೋ ಮೊದಲು ನಾನೇ ಮಾಡಿದ ಒಂದು ತಪ್ಪನ್ನ ಹೇಳ್ಬೇಕು.

ನಮ್ಮ ಅಪಾರ್ಟ್‌ಮೆಂಟ್ ಕಮಿಟಿಯಲ್ಲಿ ನಾನೂ ಇದ್ದೆ. ಪೂಲ್ ಹತ್ತಿರ ಹಾಡು ಬೇಕು, ಮಕ್ಕಳ ಈಜು ಸ್ಪರ್ಧೆಗೆ ಮೈಕ್ ಬೇಕು ಅಂತ ಎಲ್ಲರೂ ಕೇಳಿದ್ರು. ಖರ್ಚು ಯಾಕೆ ಅಂತ ನಾನು ಮನೆಯಲ್ಲಿದ್ದ ಹಳೇ ಎವಿ ರಿಸೀವರ್ ತಂದು ಕೊಟ್ಟೆ. ನಾಲ್ಕು ಸ್ಪೀಕರ್ ತಂದ್ವಿ, ಮೈಕ್‌ಗೋಸ್ಕರ ಒಂದು ಚಿಕ್ಕ ಮಿಕ್ಸರ್ ಸೇರಿಸಿದ್ವಿ. ಎಲ್ಲಾನೂ ಪೂಲ್ ಪಕ್ಕದ ಪಂಪ್ ರೂಮ್‌ನಲ್ಲಿ ಇಟ್ವಿ. ಹತ್ತಿರ ಇದೆ, ವೈರ್ ಉಳಿಯುತ್ತೆ ಅನ್ನೋ ಲೆಕ್ಕ.

ಶುರುವಿನಲ್ಲೇ ಒಂದು ಸಮಸ್ಯೆ ಬಂತು. ಲ್ಯಾಪ್‌ಟಾಪ್‌ನ ಮಿಕ್ಸರ್‌ಗೆ ಸಿಕ್ಕಿಸಿ ಚಾರ್ಜರ್ ಹಾಕಿದ್ರೆ ಸಾಕು, ಸ್ಪೀಕರ್‌ನಲ್ಲಿ "ಗುಂಯ್" ಅನ್ನೋ ಹಮ್. ನಾನು ಊರಲ್ಲಿ ಇರಲಿಲ್ಲ. ಕೆಲಸಕ್ಕೆ ಬಂದಿದ್ದ ಎಲೆಕ್ಟ್ರಿಷಿಯನ್ ಹಮ್ ನಿಲ್ಲಿಸಿಬಿಟ್ಟ. ಹೇಗೆ ನಿಲ್ಲಿಸಿದ ಅಂತ ವಾಪಸ್ ಬಂದ ಮೇಲೆ ನಾನೂ ಕೇಳಲಿಲ್ಲ. ಸದ್ದು ಹೋಯ್ತಲ್ಲ, ಸರಿ ಅಂದ್ಕೊಂಡೆ.

ಕಳೆದ ರಾಜ್ಯೋತ್ಸವದ ದಿನ ಬೆಳಿಗ್ಗೆ ಬಾವುಟ ಹಾರಿಸಿ, ಆಮೇಲೆ ಮಕ್ಕಳ ಈಜು ಸ್ಪರ್ಧೆ ಇಟ್ಕೊಂಡಿದ್ವಿ. ಗೆದ್ದ ಹುಡುಗಿಗೆ ಎಂಟು ವರ್ಷ ಇರಬಹುದು. ನೀರಿಂದ ಎದ್ದು ಬಂದು, ಬರಿಗಾಲಲ್ಲಿ, ಮೈಯೆಲ್ಲಾ ತೊಪ್ಪೆ. ಯಾರೋ ಕೈಗೆ ಮೈಕ್ ಕೊಟ್ಟು "ಹೆಸರು ಹೇಳಮ್ಮ" ಅಂದ್ರು. ಅವಳು ಮೈಕ್ ಹಿಡಿದವಳೇ ಕೆಳಗೆ ಬಿಟ್ಟಳು. "ಅಂಕಲ್, ಮೈಕ್ ಚುರ್ ಅಂತು" ಅಂದಳು.

ಎಲ್ಲರೂ ನಕ್ಕರು. ನನಗೆ ಕೈಕಾಲು ತಣ್ಣಗಾಯ್ತು. ಓಡಿಹೋಗಿ ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿ ನೋಡಿದೆ. ಮಿಕ್ಸರ್ ಸಾಕೆಟ್‌ಗೆ ಬರೋ ಅರ್ತಿಂಗ್ ವೈರ್ ಕತ್ತರಿಸಿ, ತುದಿಗೆ ನೀಟಾಗಿ ಟೇಪ್ ಸುತ್ತಿದ್ರು.

ಆಗಿದ್ದು ಇಷ್ಟೇ. ಲ್ಯಾಪ್‌ಟಾಪ್ ಚಾರ್ಜರ್‌ಗೂ ಅರ್ತಿಂಗ್ ಇರುತ್ತೆ, ಮಿಕ್ಸರ್‌ಗೂ ಇರುತ್ತೆ. ಎರಡನ್ನೂ ಆಡಿಯೋ ಕೇಬಲ್ ಜೋಡಿಸಿದಾಗ ಒಂದು ಸುತ್ತು ಆಗುತ್ತೆ, ಅದೇ ಗ್ರೌಂಡ್ ಲೂಪ್. ಅದರಿಂದ ಹಮ್. ಒಂದು ಅರ್ತಿಂಗ್ ಕತ್ತರಿಸಿದ್ರೆ ಸುತ್ತು ಮುರಿಯುತ್ತೆ, ಹಮ್ ಹೋಗುತ್ತೆ. ಆದ್ರೆ ಅದರ ಜೊತೆಗೆ ಮಿಕ್ಸರ್‌ನ ರಕ್ಷಣೆಯೂ ಹೋಗುತ್ತೆ. ಲ್ಯಾಪ್‌ಟಾಪ್ ಸಿಕ್ಕಿಸಿರೋ ತನಕ ಮಿಕ್ಸರ್ ಅದರ ಚಾರ್ಜರ್ ಮೂಲಕವೇ ಹೇಗೋ ಅರ್ತ್ ಆಗ್ತಿತ್ತು. ಅವತ್ತು ಲ್ಯಾಪ್‌ಟಾಪ್ ಇರಲಿಲ್ಲ, ಹಾಡು ಫೋನ್‌ನಿಂದ ಬರ್ತಿತ್ತು. ಮಿಕ್ಸರ್‌ನ ಲೋಹದ ಮೈಗೆ ಯಾವ ಆಧಾರವೂ ಇರಲಿಲ್ಲ. ಮೈಕ್‌ನ ಲೋಹದ ಮೈ ಕೇಬಲ್‌ನ ಹೊರಪದರದ ಮೂಲಕ ಮಿಕ್ಸರ್ ಮೈಗೇ ಸೇರಿಕೊಂಡಿರುತ್ತೆ. ಆ ಹುಡುಗಿಗೆ ತಾಗಿದ್ದು ಸಣ್ಣ ಸೋರಿಕೆ ಕರೆಂಟ್, ಅದಕ್ಕೇ ಬರೀ ಚುರ್ ಅಂದಿದ್ದು. ಮಿಕ್ಸರ್ ಒಳಗೆ ಇನ್ಸುಲೇಷನ್ ಹಾಳಾಗಿದ್ದಿದ್ರೆ ಅವಳ ಒದ್ದೆ ಕೈಯಲ್ಲಿ 230 ವೋಲ್ಟ್ ಇರ್ತಿತ್ತು. ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು. ಆ ಪಂಪ್ ರೂಮ್ ಲೈನ್‌ಗೆ ಆರ್‌ಸಿಸಿಬಿಯೇ ಇರಲಿಲ್ಲ.

2023ರ ಡಿಸೆಂಬರ್ ಕೊನೆಯಲ್ಲಿ ವರ್ತೂರು ಕಡೆಯ ಒಂದು ಅಪಾರ್ಟ್‌ಮೆಂಟ್ ಈಜುಕೊಳದಲ್ಲಿ ಪುಟ್ಟ ಹುಡುಗಿಯೊಬ್ಬಳು ವಿದ್ಯುತ್ ಆಘಾತದಿಂದ ತೀರಿಕೊಂಡಿದ್ದು ನಿಮಗೆ ನೆನಪಿರಬಹುದು. ಆ ಪ್ರಕರಣವನ್ನೂ ನಮ್ಮದನ್ನೂ ನಾನು ಒಂದೇ ತಕ್ಕಡಿಗೆ ಹಾಕೋದಿಲ್ಲ. ಆದ್ರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅನ್ನೋದಂತೂ ನಿಜ.

ಮಾರನೇ ದಿನದಿಂದ ಎಲ್ಲಾ ಮೊದಲಿಂದ ಯೋಚನೆ ಮಾಡಿದ್ವಿ. ಅದನ್ನೇ ನಿಮಗೆ ಒಂದೊಂದಾಗಿ ಹೇಳ್ತೀನಿ.

ಮೊದಲನೇದು, ಆಂಪ್ಲಿಫೈಯರ್ ಎಲ್ಲಿ ಇರುತ್ತೆ. ಸ್ಪೀಕರ್ ಹೊರಗೆ ಇರಬಹುದು, ಆಂಪ್ಲಿಫೈಯರ್ ಹೊರಗೆ ಇರಬಾರದು. ಪಂಪ್ ರೂಮ್ ಅಂತೂ ಬೇಡವೇ ಬೇಡ. ಅಲ್ಲಿ ತೇವ ಇರುತ್ತೆ, ಮೇಲಾಗಿ ಕ್ಲೋರಿನ್ ಡಬ್ಬಗಳು ಇರುತ್ತವೆ. ಆ ಹೊಗೆ ತಾಮ್ರದ ಕಾಂಟ್ಯಾಕ್ಟ್, ಸ್ವಿಚ್ಚು, ವಾಲ್ಯೂಮ್ ಕಂಟ್ರೋಲ್ ಎಲ್ಲಾ ತಿಂದುಹಾಕುತ್ತೆ. ನನ್ನ ರಿಸೀವರ್ ಬಿಚ್ಚಿ ನೋಡಿದ್ರೆ ಒಂದೇ ಮಳೆಗಾಲಕ್ಕೆ ಸ್ಪೀಕರ್ ಟರ್ಮಿನಲ್‌ಗಳು ಹಸಿರು ಕಟ್ಟಿದ್ವು. ಈಗ ನಮ್ಮ ಆಂಪ್ಲಿಫೈಯರ್ ಕ್ಲಬ್‌ಹೌಸ್ ಆಫೀಸ್‌ನಲ್ಲಿದೆ. ಒಣ ಜಾಗ, ಗಾಳಿ ಆಡುತ್ತೆ, ಬೀಗ ಹಾಕಬಹುದು.

ಎರಡನೇದು, ದೂರ. ಆಂಪ್ಲಿಫೈಯರ್ ಆಫೀಸ್‌ಗೆ ಹೋದ ಕೂಡಲೇ ವೈರ್ 40 ಮೀಟರ್ ಆಯ್ತು. ಇಲ್ಲೇ ರಿಸೀವರ್ ಸೋಲೋದು. ಹೋಂ ಥಿಯೇಟರ್ ರಿಸೀವರ್ ಮಾಡಿರೋದು ಒಂದು ಕೋಣೆಗೆ, 6 ಅಥವಾ 8 ಓಮ್‌ನ ಸ್ಪೀಕರ್‌ಗೆ. ನಾಲ್ಕು 8 ಓಮ್ ಸ್ಪೀಕರ್‌ಗಳನ್ನ ಪ್ಯಾರಲಲ್ ಆಗಿ ಜೋಡಿಸಿದ್ರೆ ಆಂಪ್ಲಿಫೈಯರ್‌ಗೆ ಕಾಣೋದು ಬರೀ 2 ಓಮ್. ಅದು ಬಿಸಿಯಾಗುತ್ತೆ, ಪ್ರೊಟೆಕ್ಷನ್‌ಗೆ ಹೋಗುತ್ತೆ, ಕೊನೆಗೆ ನನ್ನ ಅಂಗಡಿಗೆ ಬರುತ್ತೆ. ಇನ್ನು ವೈರ್ ಲೆಕ್ಕ ನೋಡಿ. 1.5 ಚದರ ಮಿಲಿಮೀಟರ್ ತಾಮ್ರದ ವೈರ್ 40 ಮೀಟರ್ ಹೋಗಿ 40 ಮೀಟರ್ ವಾಪಸ್ ಬಂದ್ರೆ ಹತ್ತಿರ ಹತ್ತಿರ 1 ಓಮ್ ಆಗುತ್ತೆ. ಸ್ಪೀಕರ್‌ಗಳದ್ದು 2 ಓಮ್, ವೈರ್‌ದು 1 ಓಮ್. ಅಂದ್ರೆ ನೀವು ದುಡ್ಡು ಕೊಟ್ಟು ತಂದ ವಾಟ್‌ನಲ್ಲಿ ಮೂರರಲ್ಲಿ ಒಂದು ಪಾಲು ವೈರನ್ನ ಬಿಸಿ ಮಾಡೋಕೆ ಹೋಗುತ್ತೆ.

ಇದಕ್ಕೆ ಪರಿಹಾರ ನಮ್ಮೂರ ಮೈಕ್ ಸೆಟ್‌ನೋರಿಗೆ ಯಾವತ್ತಿಂದಲೋ ಗೊತ್ತು. 100 ವೋಲ್ಟ್ ಲೈನ್. ಶಾಲೆ, ರೈಲ್ವೆ ಸ್ಟೇಷನ್, ದೇವಸ್ಥಾನ ಎಲ್ಲಾ ಕಡೆ ಇರೋದು ಅದೇ. ಎಸ್.ಪಿ. ರಸ್ತೆಗೆ ಹೋಗಿ ಪಿ.ಎ. ಆಂಪ್ಲಿಫೈಯರ್ ಅಂದ್ರೆ ಅಹುಜಾದಿಂದ ಹಿಡಿದು ಬೇಕಾದಷ್ಟು ಕಂಪನಿಯದು ತೋರಿಸ್ತಾರೆ. ಕೆಇಬಿ ಲೈನ್ ಥರಾನೇ ಇದು. ದೂರಕ್ಕೆ ಕಳಿಸೋವಾಗ ವೋಲ್ಟೇಜ್ ಏರಿಸಿ ಕರೆಂಟ್ ಇಳಿಸ್ತಾರೆ, ತಲುಪಿದ ಮೇಲೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಮತ್ತೆ ಇಳಿಸ್ತಾರೆ. ಪ್ರತಿ ಸ್ಪೀಕರ್ ಒಳಗೂ ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತೆ, 5, 10, 15 ವಾಟ್ ಅಂತ ಟ್ಯಾಪ್ ಇರುತ್ತೆ. 60 ವಾಟ್ ಲೋಡ್ ಅಂದ್ರೆ ಲೈನ್‌ಗೆ ಸುಮಾರು 167 ಓಮ್. ಅದೇ 1 ಓಮ್ ವೈರ್‌ನಲ್ಲಿ ಈಗ ಹೋಗೋದು ಶೇಕಡಾ 1ಕ್ಕಿಂತ ಕಮ್ಮಿ.

ಲೆಕ್ಕ ಹಾಕೋದು ಬಹಳ ಸುಲಭ. ಟ್ಯಾಪ್‌ಗಳನ್ನೆಲ್ಲಾ ಕೂಡಿಸಿ, ಆ ಮೊತ್ತ ಆಂಪ್ಲಿಫೈಯರ್ ಶಕ್ತಿಯ ಶೇಕಡಾ 80 ದಾಟದಂತೆ ನೋಡ್ಕೊಳ್ಳಿ. ನಮ್ಮಲ್ಲಿ ಈಗ 6 ಸ್ಪೀಕರ್, ಒಂದೊಂದಕ್ಕೆ 10 ವಾಟ್, ಒಟ್ಟು 60. 75 ವಾಟ್ ಇದ್ರೆ ಸಾಕಿತ್ತು. ಮುಂದೆ ಇನ್ನೆರಡು ಸ್ಪೀಕರ್ ಸೇರಿಸಬಹುದು ಅಂತ 120 ವಾಟ್‌ದು ತಗೊಂಡ್ವಿ.

ಆದ್ರೆ ಒಂದು ಎಚ್ಚರಿಕೆ. 100 ವೋಲ್ಟ್ ಆಟದ ಸಾಮಾನಲ್ಲ, ಅದೂ ಶಾಕ್ ಹೊಡೆಯುತ್ತೆ. ಈಜುಕೊಳದ ವೈರಿಂಗ್‌ಗೆ ಐಇಸಿ 60364ರ 702ನೇ ಭಾಗ ಅಂತ ಒಂದು ಅಂತರರಾಷ್ಟ್ರೀಯ ನಿಯಮ ಇದೆ. ಅದರ ಪ್ರಕಾರ ಕೊಳದ ಅಂಚಿನಿಂದ 2 ಮೀಟರ್ ಒಂದು ವಲಯ, ಅದರಾಚೆ ಇನ್ನೂ 1.5 ಮೀಟರ್ ಇನ್ನೊಂದು ವಲಯ. ನಾವು ತಲೆ ಕೆಡಿಸಿಕೊಳ್ಳದೆ ಒಟ್ಟು 3.5 ಮೀಟರ್ ಒಳಗೆ ಸ್ಪೀಕರ್ ಆಗಲಿ, ವೈರ್ ಆಗಲಿ, ಜಂಕ್ಷನ್ ಬಾಕ್ಸ್ ಆಗಲಿ ಏನೂ ಬರಬಾರದು ಅಂತ ತೀರ್ಮಾನ ಮಾಡಿದ್ವಿ. ವೈರ್ ಪೂರ್ತಿ ಪೈಪ್ ಒಳಗೆ, ಜಂಕ್ಷನ್ ಬಾಕ್ಸ್ ಐಪಿ 65. ಐಪಿ ನಂಬರ್‌ನಲ್ಲಿ ಮೊದಲನೇ ಅಂಕಿ ಧೂಳಿಗೆ, ಎರಡನೇದು ನೀರಿಗೆ. 5 ಅಂದ್ರೆ ಪೈಪಲ್ಲಿ ನೀರು ಹಾಯಿಸಿದ್ರೂ ತಡೆಯುತ್ತೆ.

ಮೂರನೇದು, ಎಲ್ಲರೂ ಮೊದಲು ಕೇಳೋ ವಾಟ್. ಸಾಮಾನ್ಯ ಹೊರಾಂಗಣ ಸ್ಪೀಕರ್‌ಗೆ 1 ವಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 88 ಡೆಸಿಬಲ್ ಆಸುಪಾಸು ಬರುತ್ತೆ ಅಂದ್ಕೊಳ್ಳಿ. ಬಯಲಲ್ಲಿ ದೂರ ಎರಡರಷ್ಟು ಆದ್ರೆ 6 ಡೆಸಿಬಲ್ ಕಮ್ಮಿ. ಅಂದ್ರೆ 4 ಮೀಟರ್‌ನಲ್ಲಿ 76. ಇದು ಬರೀ 1 ವಾಟ್‌ಗೆ! ಮಾತಾಡ್ತಾ ಕೂತೋರಿಗೆ ಹಿನ್ನೆಲೆಯಲ್ಲಿ ಹಾಡು ಕೇಳೋಕೆ 70 ಧಾರಾಳ ಆಯ್ತು. ಹಾಡಿನ ಏರಿಳಿತಕ್ಕೆ ಅಂತ 10 ವಾಟ್ ಇಟ್ಕೊಂಡ್ರೆ ಮುಗೀತು. ಇನ್ನೊಂದು ಕಡೆಯಿಂದ ನೋಡಿ, ವಾಟ್ ಎರಡರಷ್ಟು ಮಾಡಿದ್ರೆ ಸಿಗೋದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಸ್ವಲ್ಪವೇ ಜಾಸ್ತಿ. ಅದಕ್ಕೇ 500 ವಾಟ್‌ನ ಒಂದು ದೊಡ್ಡ ಸ್ಪೀಕರ್ ಮೂಲೆಯಲ್ಲಿ ಇಡೋ ಬದಲು, ಹತ್ತಿರ ಹತ್ತಿರ ಆರು ಚಿಕ್ಕ ಸ್ಪೀಕರ್ ಇಟ್ಟು ಮೆಲ್ಲಗೆ ನುಡಿಸಿ. ದೊಡ್ಡ ಸ್ಪೀಕರ್‌ನಿಂದ 16 ಮೀಟರ್ ಆಚೆ 70 ಬೇಕು ಅಂದ್ರೆ, 4 ಮೀಟರ್‌ನಲ್ಲಿ ಕೂತೋನಿಗೆ 82 ಬಡಿಯುತ್ತೆ.

ಇಲ್ಲಿ ಕಾಂಪೌಂಡ್ ಆಚೆಯವರ ಮಾತು ಬರುತ್ತೆ. ನಮ್ಮ ಗೋಡೆ ಪಕ್ಕದ ಮನೆಯಲ್ಲಿ ವಯಸ್ಸಾದ ಒಬ್ಬರು ಹಾಸಿಗೆ ಹಿಡಿದಿದ್ರು. ಅವರ ಮಗ ಎರಡು ಸಲ ಬಂದು "ಹಾಡು ಕೇಳಿಸಲ್ಲ ಸಾರ್, ಬರೀ ದಡ್ ದಡ್ ಕೇಳಿಸುತ್ತೆ" ಅಂದಿದ್ರು. ನಾವು ಕಿವಿಗೆ ಹಾಕ್ಕೊಂಡಿರಲಿಲ್ಲ. ಅವರು ಹೇಳಿದ್ದು ಸರಿ. ಬೇಸ್ ಗೋಡೆ ದಾಟುತ್ತೆ, ಮಿಕ್ಕಿದ್ದು ದಾಟಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45. ಖಾಸಗಿ ಜಾಗದ ಸೌಂಡ್ ಸಿಸ್ಟಂ ತನ್ನ ಗಡಿಯಲ್ಲಿ ಈ ಮಿತಿಯನ್ನ 5 ಡೆಸಿಬಲ್‌ಗಿಂತ ಜಾಸ್ತಿ ಮೀರಬಾರದು. ಹಾಗಾಗಿ ಆಂಪ್ಲಿಫೈಯರ್ ಆರಿಸೋವಾಗ ಲೋ ಕಟ್ ಸ್ವಿಚ್ ಇದೆಯಾ ನೋಡಿ. 100 ಹರ್ಟ್ಸ್ ಕೆಳಗಿನದನ್ನ ಕತ್ತರಿಸಿದ್ರೆ ಪಕ್ಕದ ಮನೆಗೂ ನೆಮ್ಮದಿ, ಲೈನ್ ಟ್ರಾನ್ಸ್‌ಫಾರ್ಮರ್‌ಗೂ ಒಳ್ಳೇದು. ಸ್ಪೀಕರ್ ಮುಖ ಗೋಡೆ ಕಡೆ ಬೇಡ, ನಮ್ಮ ಕಟ್ಟಡದ ಕಡೆ ಇರಲಿ. ನಮ್ಮ ಸದ್ದು ನಮಗೇ ಮೊದಲು ಕೇಳಿಸಲಿ.

ನಾಲ್ಕನೇದು, ಎಲ್ಲಕ್ಕಿಂತ ಮುಖ್ಯವಾದದ್ದು. ಮೂರು ಪಿನ್ ಇರೋ ಉಪಕರಣದ ಅರ್ತಿಂಗ್ ಯಾವ ಕಾರಣಕ್ಕೂ ಕತ್ತರಿಸಬೇಡಿ. ಹಮ್ ಬಂದ್ರೆ ಆಡಿಯೋ ಕೇಬಲ್ ಮಧ್ಯೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ದೊಡ್ಡ ಖರ್ಚೇನಲ್ಲ. ಇಲ್ಲಾ ಬ್ಲೂಟೂತ್‌ನಲ್ಲಿ ಹಾಡು ಕಳಿಸಿ, ವೈರೇ ಇಲ್ಲದ ಮೇಲೆ ಲೂಪ್ ಎಲ್ಲಿಂದ ಬರುತ್ತೆ? ಆ ಲೈನ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಅದರ ಮೇಲೆ ಟೆಸ್ಟ್ ಅಂತ ಒಂದು ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ರೆ ಅವತ್ತೇ ಬದಲಾಯಿಸಿ. ಪೂಲ್ ಹತ್ತಿರ ವೈರ್ ಇರೋ ಮೈಕ್ ಬೇಡ, ಬ್ಯಾಟರಿಯ ವೈರ್‌ಲೆಸ್ ಮೈಕ್ ಮಾತ್ರ.

ಬಸವೇಶ್ವರನಗರದಲ್ಲೋ ರಾಜಾಜಿನಗರದಲ್ಲೋ ಸ್ವಂತ ಮನೆ, ತಾರಸಿ ಮೇಲೆ ಮಕ್ಕಳಿಗೆ ಅಂತ ಚಿಕ್ಕ ತೊಟ್ಟಿ, ಎರಡೇ ಸ್ಪೀಕರ್ ಸಾಕು ಅನ್ನೋರಿಗೆ 100 ವೋಲ್ಟ್ ಲೈನ್ ಬೇಕಿಲ್ಲ. ಮನೆಯೊಳಗೆ ಒಂದು ಚಿಕ್ಕ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಚಾನೆಲ್‌ಗೆ ಒಂದೇ 8 ಓಮ್ ಸ್ಪೀಕರ್, 15 ಮೀಟರ್ ತನಕ 2.5 ಚದರ ಮಿಲಿಮೀಟರ್ ವೈರ್. ವೈರ್‌ನಲ್ಲಿ ಹೋಗೋದು ಶೇಕಡಾ 3ರಷ್ಟು ಅಷ್ಟೇ. ಆಗ ಮನೆಯಲ್ಲಿರೋ ರಿಸೀವರ್ ಕೂಡ ನಡೆಯುತ್ತೆ. ಆದ್ರೆ ಅರ್ತಿಂಗ್, ಆರ್‌ಸಿಸಿಬಿ, ದೂರದ ಮಾತು ಅಲ್ಲೂ ಅದೇ.

ಹೊಸ ಸಿಸ್ಟಂ ಹಾಕಿದ ಮೇಲೆ ಆ ಹುಡುಗಿಗೆ ಮತ್ತೆ ಮೈಕ್ ಕೊಟ್ವಿ. ಮುಟ್ಟೋಕೆ ಹಿಂಜರಿದಳು. ಮೊದಲು ನಾನು ಕೈ ಒದ್ದೆ ಮಾಡಿಕೊಂಡು ಹಿಡಿದು ತೋರಿಸಿದೆ, ಆಮೇಲೆ ಹಿಡಿದಳು. ಅವತ್ತು ಅವಳು ಸುಮ್ಮನೆ ಇದ್ದಿದ್ರೆ ಆ ಟೇಪ್ ಸುತ್ತಿದ ವೈರ್ ಇವತ್ತಿಗೂ ಅಲ್ಲೇ ಇರ್ತಿತ್ತು. ಆದ್ರಿಂದ ಕೊನೇ ಮಾತು. ನಿಮ್ಮ ಕ್ಲಬ್‌ಹೌಸ್‌ನಲ್ಲಿ ಯಾವ ಮಗುವಾದ್ರೂ "ಚುರ್ ಅಂತು" ಅಂದ್ರೆ ನಗಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಕಾರಣ ಹುಡುಕಿ.

ಈ ಭಾನುವಾರ ಒಂದು ಐದು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಪೂಲ್ ಪಂಪ್ ರೂಮ್‌ಗೆ ಹೋಗಿ ಬನ್ನಿ, ಅಲ್ಲಿ ಆರ್‌ಸಿಸಿಬಿ ಇದೆಯಾ ನೋಡಿ.