ಚಂದ್ರನಿಗೂ ಗ್ರಹಗಳಿಗೂ ಯಾವ ಕ್ಯಾಮರಾ?

"ಚಂದ್ರನ ಚಿತ್ರ ತೆಗೆಯಬೇಕು, ಶನಿಯ ಉಂಗುರದ ಚಿತ್ರ ತೆಗೆಯಬೇಕು, ಯಾವ ಕ್ಯಾಮರಾ ಕೊಳ್ಳಲಿ?" ಆಕಾಶದ ಹುಚ್ಚು ಹಿಡಿದವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಪ್ರಶ್ನೆಯೇನೋ ಸಣ್ಣದು. ಆದರೆ ಮಾವಿನ ಫಸಲಿನಿಂದ ಬಂದ ಒಂದು ವರ್ಷದ ಉಳಿತಾಯವೆಲ್ಲ ಅದರ ಉತ್ತರವನ್ನು ನಂಬಿ ಕೈಬಿಟ್ಟು ಹೋಗುವುದುಂಟು. ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ವಿಚಾರ ಮಾಡೋಣ. ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡನ್ನು, ಆಂಧ್ರದ ಗಡಿಯ ಹತ್ತಿರದ ಆ ಸೀಮೆಯನ್ನು. ಬೇರೆ ಊರಿನವರು ತಮ್ಮ ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಮೊದಲು ಒಂದು ಲೆಕ್ಕ. ಮಸೂರದ ನಾಭಿದೂರವನ್ನು 110ರಿಂದ ಭಾಗಿಸಿದರೆ ಕ್ಯಾಮರಾದೊಳಗೆ ಬೀಳುವ ಚಂದ್ರಬಿಂಬದ ಅಳತೆ ಸಿಕ್ಕುತ್ತದೆ. ಮದುವೆ ಮನೆಯಲ್ಲಿ ಬಳಸುವ 50 ಮಿಲಿಮೀಟರ್ ಮಸೂರದಲ್ಲಿ ಚಂದ್ರನು ಅರ್ಧ ಮಿಲಿಮೀಟರಿಗಿಂತ ಚಿಕ್ಕವನು. 300ರ ಮಸೂರದಲ್ಲಿ ಮೂರು ಮಿಲಿಮೀಟರಿಗೆ ಕೊಂಚ ಕಡಿಮೆ. ಆರು ಇಂಚು ಕನ್ನಡಿಯ, 1200 ಮಿಲಿಮೀಟರ್ ನಾಭಿದೂರದ ದೂರದರ್ಶಕಕ್ಕೆ ಕ್ಯಾಮರಾ ಜೋಡಿಸಿದರೆ ಸುಮಾರು 11 ಮಿಲಿಮೀಟರ್. ಇಷ್ಟಾದರೆ ಚಂದ್ರನ ಮಟ್ಟಿಗೆ ಧಾರಾಳವಾಯಿತು. ಗುರುಗ್ರಹದ ವಿಚಾರ ಹಾಗಲ್ಲ. ಅದು ನಮಗೆ ಅತಿ ಸಮೀಪಕ್ಕೆ ಬಂದಾಗಲೂ ಅದರ ಬಿಂಬ ಚಂದ್ರನ ಅಗಲದಲ್ಲಿ 36ರಲ್ಲಿ ಒಂದು ಪಾಲು. ಅದೇ ದೂರದರ್ಶಕದಲ್ಲಿ ಮಿಲಿಮೀಟರಿನ ಮೂರನೆಯ ಒಂದು ಪಾಲೂ ಆಗದು. ಚಂದ್ರನಿಗೊಂದು ಕ್ಯಾಮರಾ, ಗ್ರಹಗಳಿಗೊಂದು ಕ್ಯಾಮರಾ ಎಂದು ಬಲ್ಲವರು ಹೇಳುವುದು ಇದಕ್ಕೇ.

ಚಂದ್ರನಿಗೆ ಮನೆಯಲ್ಲಿರುವ ಸಾಧಾರಣ ಡಿಜಿಟಲ್ ಕ್ಯಾಮರಾ ಸಾಕು. ಹುಣ್ಣಿಮೆಯ ಚಂದ್ರನೆಂದರೆ ನಡುಹಗಲಿನ ಬಿಸಿಲಿಗೆ ಒಡ್ಡಿಕೊಂಡ ಕೋಲಾರದ ಬಂಡೆ ಎಂದು ತಿಳಿಯಿರಿ. ಎರಡೂ ಬಿಸಿಲು ಬಿದ್ದ ಕಲ್ಲೇ ತಾನೆ! ಐಎಸ್‌ಒ 100, ರಂಧ್ರ ಎಫ್ 11, ಸೆಕೆಂಡಿನ ನೂರರಲ್ಲಿ ಒಂದು ಪಾಲು ಕಾಲ. ಇಲ್ಲಿಂದ ಹೊರಟು ಹೆಚ್ಚು ಕಡಮೆ ಮಾಡಿಕೊಳ್ಳಬಹುದು. ಆದರೆ ಹುಣ್ಣಿಮೆಯ ದಿನ ನೆರಳಿಲ್ಲದ ಕಾರಣ ಚಿತ್ರ ಚಪ್ಪಟೆಯಾಗಿ ಕಾಣುತ್ತದೆ. ಶುಕ್ಲಪಕ್ಷದ ಸಪ್ತಮಿ ಅಷ್ಟಮಿಗಳಲ್ಲಿ ತೆಗೆಯಿರಿ. ಬೆಳಕೂ ಕತ್ತಲೆಯೂ ಕೂಡುವ ಗೆರೆಯ ಮೇಲೆ ಕುಳಿಗಳ ಅಂಚು ಎದ್ದು ನಿಲ್ಲುತ್ತದೆ. ಆಗ ನಾಲ್ಕು ಪಟ್ಟು ಹೆಚ್ಚು ಕಾಲ ಬೇಕಾದೀತು, ಅಷ್ಟೆ.

ಗ್ರಹಗಳಿಗೆ ಬೇಕಾದುದು ದೊಡ್ಡ ಸೆನ್ಸರಿನ ದುಬಾರಿ ಕ್ಯಾಮರಾ ಅಲ್ಲವೇ ಅಲ್ಲ. ಹೆಬ್ಬೆರಳು ಗಾತ್ರದ ಸೆನ್ಸರೂ ಬೇಡ, ಕಡಲೆಕಾಳಿನಷ್ಟು ಸಾಕು. ಆದರೆ ಸೆಕೆಂಡಿಗೆ ನೂರರಂತೆ ಚಿತ್ರಗಳನ್ನು ಕಂಪ್ಯೂಟರಿಗೆ ಸುರಿಯುವ ವೇಗ ಅದಕ್ಕಿರಬೇಕು. ಕಾರಣ ನಮ್ಮ ತಲೆಯ ಮೇಲಿರುವ ಗಾಳಿ. ಕಾದ ಬಾಣಲೆಯ ಮೇಲೆ ಕಾಣುವ ಹಾಗೆ ಗಾಳಿ ಸದಾ ಅಲುಗುತ್ತದೆ. ನಡುನಡುವೆ ಒಂದು ಕ್ಷಣ ನಿಲ್ಲುತ್ತದೆ. ಎರಡು ನಿಮಿಷದಲ್ಲಿ 12,000 ಚಿತ್ರ ಹಿಡಿದರೆ ಆ ನಿಂತ ಕ್ಷಣಗಳೂ ಬಲೆಗೆ ಬೀಳುತ್ತವೆ. ಆಮೇಲೆ ನಮ್ಮ ಹೆಂಗಸರು ಮೊರದಲ್ಲಿ ರಾಗಿ ಕೇರುವಂತೆ, ಹಣ ಕೊಡದೆಯೇ ದೊರೆಯುವ ಆಟೋಸ್ಟಾಕರ್ಟ್ ಎಂಬ ಸಾಫ್ಟ್‌ವೇರು ಜೊಳ್ಳನ್ನು ಹಾರಿಸಿ, ಗಟ್ಟಿಯಾದ ಸಾವಿರದಷ್ಟನ್ನು ಒಂದರ ಮೇಲೊಂದು ಪೇರಿಸಿಕೊಡುತ್ತದೆ. ಗುರುಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುವುದರಿಂದ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅದರ ಪಟ್ಟೆಗಳ ವಿವರ ಕದಡುತ್ತದೆ.

ಕ್ಯಾಮರಾವನ್ನೂ ದೂರದರ್ಶಕವನ್ನೂ ಹೊಂದಿಸಲು ಒಂದು ಸೂತ್ರವುಂಟು. ಪಿಕ್ಸೆಲಿನ ಅಳತೆ ಎಷ್ಟು ಮೈಕ್ರಾನೋ ಅದರ ಐದು ಪಟ್ಟು ಎಫ್ ಸಂಖ್ಯೆ ಇರಲಿ. ಪಿಕ್ಸೆಲ್ 3 ಮೈಕ್ರಾನಾದರೆ ಎಫ್ 15. ನಮ್ಮ ಆರು ಇಂಚಿನದು ಎಫ್ 8. ಎರಡು ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರ ಸೇರಿಸಿದರೆ ಎಫ್ 16 ಆಗಿ ಹೊಂದಿಕೊಳ್ಳುತ್ತದೆ. ಅದಕ್ಕಿಂತ ಹಿಗ್ಗಿಸಿದರೆ ಬಿಂಬ ದೊಡ್ಡದಾದೀತೇ ಹೊರತು ಹೊಸ ವಿವರ ಬರುವುದಿಲ್ಲ.

ಇನ್ನು, ಅಂಗಡಿಯವರು ಹೇಳದೆ ಬಿಡುವ ಒಂದು ವಿಷಯ: ಪೀಠ. ಇಷ್ಟು ಹಿಗ್ಗಿಸಿದ ಮೇಲೆ ಭೂಮಿ ತಿರುಗುವುದರಿಂದ ಗುರುಗ್ರಹ ಅರ್ಧ ನಿಮಿಷದಲ್ಲಿ ಚಿತ್ರದ ಚೌಕಟ್ಟನ್ನು ದಾಟಿ ಹೋಗುತ್ತದೆ. ಆದುದರಿಂದ ಮೋಟಾರಿನಿಂದ ಹಿಂಬಾಲಿಸುವ ಪೀಠ ಬೇಕು. ಅದರ ಅಚ್ಚನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿ ನಿಲ್ಲಿಸಬೇಕು. ರಾಯಲ್ಪಾಡಿನಲ್ಲಿ ಧ್ರುವನಕ್ಷತ್ರ ದಿಗಂತದಿಂದ 13-14 ಡಿಗ್ರಿ ಮಾತ್ರ ಎತ್ತರ. ಲಂಡನ್ನಿನಲ್ಲಿ 51 ಡಿಗ್ರಿಯ ಮೇಲೆ. ಅಲ್ಲಿಯವರಿಗೆಂದು ಮಾಡಿದ ಕೆಲವು ಪೀಠಗಳು ನಮ್ಮಷ್ಟು ತಗ್ಗುವುದೇ ಇಲ್ಲ! ಹಣ ಎಣಿಸುವ ಮುನ್ನ "ಇದು ಎಷ್ಟು ಡಿಗ್ರಿಯವರೆಗೆ ತಗ್ಗುತ್ತದೆ?" ಎಂದು ಕೇಳಿ, ಬರೆಸಿಕೊಳ್ಳಿ. ಉತ್ತರಕ್ಕೆ ಗುಡ್ಡ ಅಡ್ಡವಿಲ್ಲದ ಜಾಗವನ್ನೂ ನೋಡಿಟ್ಟುಕೊಳ್ಳಿ.

ಈ ತೊಂದರೆಯ ಬದಲಿಗೆ ನಮಗೊಂದು ಭಾಗ್ಯವುಂಟು. ಗ್ರಹಗಳು ದಕ್ಷಿಣಕ್ಕೆ ಪೂರ್ತಿ ಸರಿದ ವರ್ಷದಲ್ಲಿ ಲಂಡನ್ನಿನವರಿಗೆ 15 ಡಿಗ್ರಿ ಎತ್ತರದಲ್ಲಿ ಕಂಡರೆ ನಮಗೆ 53 ಡಿಗ್ರಿಯಲ್ಲಿ ಕಾಣುತ್ತವೆ. ಎತ್ತರದಲ್ಲಿದ್ದಷ್ಟೂ ಅಡ್ಡ ಬರುವ ಗಾಳಿ ಕಡಿಮೆ. ವೈನು ಬಾಪು ಅವರ ಹೆಸರು ಹೊತ್ತ ಕಾವಲೂರಿನ ವೇಧಶಾಲೆಯೂ ನಮ್ಮಂಥದೇ ಅಕ್ಷಾಂಶದಲ್ಲಿ, ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿದೆ. 1977ರ ಮಾರ್ಚ್ 10ರಂದು ಯುರೇನಸ್ಸು ಒಂದು ನಕ್ಷತ್ರವನ್ನು ಮರೆಮಾಡುವುದನ್ನು ಅಲ್ಲಿ ಒಂದು ಮೀಟರ್ ದೂರದರ್ಶಕದಿಂದ ನೋಡಿದರು. ಅವರಿಗೆ ಬೇಕಾಗಿದ್ದುದು ಸುಂದರವಾದ ಚಿತ್ರವಲ್ಲ, ಕ್ಷಣಕ್ಷಣಕ್ಕೂ ಬೆಳಕಿನ ಅಳತೆ; ಅದಕ್ಕೆ ತಕ್ಕ ಸಾಧನವನ್ನೇ ಹೂಡಿದ್ದರು. ಯುರೇನಸ್ಸಿಗೆ ಉಂಗುರಗಳಿವೆಯೆಂದು ಜಗತ್ತಿಗೆ ತಿಳಿದದ್ದು ಅಂದಿನ ಇಂಥ ಅಳತೆಗಳಿಂದ.

ಬೀದಿದೀಪಕ್ಕೆ ಹೆದರಬೇಕಾಗಿಲ್ಲ, ಚಂದ್ರನೂ ಗ್ರಹಗಳೂ ಅದನ್ನು ಲೆಕ್ಕಿಸುವುದಿಲ್ಲ. ಹೆದರಬೇಕಾದದ್ದು ಹಗಲೆಲ್ಲ ಕಾದ ತಾರಸಿಗೆ, ಬಂಡೆಗೆ. ತಾರಸಿ ಬಿಟ್ಟು ಹಸಿರಿರುವ ಹೊಲದ ಬದುವಿಗೆ ಹೋಗಿ. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಿ. ನಕ್ಷತ್ರಗಳು ಚೆಂದವಾಗಿ ಮಿನುಗುತ್ತಿದ್ದರೆ ಆ ರಾತ್ರಿ ಗ್ರಹದ ಚಿತ್ರ ಬರುವುದಿಲ್ಲ, ಮಲಗಿಕೊಳ್ಳುವುದೇ ಲೇಸು.

ಹಣವನ್ನು ಮೊದಲು ಪೀಠಕ್ಕೆ, ಆಮೇಲೆ ದೂರದರ್ಶಕಕ್ಕೆ, ಉಳಿದದ್ದನ್ನು ಕ್ಯಾಮರಾಕ್ಕೆ ಎಂದು ಹಂಚಿಕೊಳ್ಳಿ. ಕ್ಯಾಮರಾದ ಸರದಿ ಬರುವ ತನಕ ಕೈಯಲ್ಲಿರುವ ಮೊಬೈಲನ್ನೇ ದೂರದರ್ಶಕದ ಕಣ್ಣುಮಸೂರಕ್ಕೆ ಬಿಗಿದು ಅಷ್ಟಮಿಯ ಚಂದ್ರನನ್ನು ಹಿಡಿಯುತ್ತಿರಿ. ಬಿಗಿಯುವ ಪಟ್ಟಿಗೆ ಹೆಚ್ಚಿನ ಬೆಲೆಯೇನೂ ಇಲ್ಲ.